ಸ್ಟುಡಿಯೋ ಹಾಡಿಗೆ ಚಪ್ಪಾಳೆ ಅಂಟಿಸಿ ಲೈವ್ ಅಂತ ಮಾರಿದ್ದೀರಿ

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ

ವಿಷಯ: ಅಮೆರಿಕದ ಜಾನಪದ ಗಾಯಕಿ ಜೋನ್ ಬಯೆಜ್ ಅವರ 1959–63ರ ಲೈವ್ ರೆಕಾರ್ಡಿಂಗ್ ಎಂದು ಮಾರಿದ ಸಿಡಿ ಸೆಟ್‌ನ ಹಣ ವಾಪಸ್ ಮಾಡುವ ಬಗ್ಗೆ

ಮಾನ್ಯರೇ,

ಕಳೆದ ತಿಂಗಳು ನಿಮ್ಮ ಜಾಲತಾಣದಿಂದ ಈ ಸೆಟ್ ತರಿಸಿಕೊಂಡೆ. ಎಲ್ಲ ಹಾಡುಗಳೂ ಲೈವ್, ಅಂದರೆ ಜನರ ಮುಂದೆ ಹಾಡಿದ್ದು, ಅಂತ ಡಬ್ಬದ ಮೇಲೂ ಇದೆ, ನಿಮ್ಮ ಪುಟದಲ್ಲೂ ಇದೆ. ಕೇಳಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಹಾಡುಗಳು ಲೈವ್ ಅಲ್ಲವೇ ಅಲ್ಲ.

ಮೊದಲ ಸಿಡಿಯನ್ನೇ ತೆಗೆದುಕೊಳ್ಳಿ. ‘ಸಿಲ್ವರ್ ಡ್ಯಾಗರ್’, ‘ಮೇರಿ ಹ್ಯಾಮಿಲ್ಟನ್’, ‘ಡೊನ್ನ ಡೊನ್ನ’ ಇವೆಲ್ಲ 1960ರಲ್ಲಿ ವ್ಯಾನ್‌ಗಾರ್ಡ್ ಕಂಪನಿ ತಂದ ಅವರ ಮೊದಲ ಸೋಲೋ ಎಲ್‌ಪಿಯ ಹಾಡುಗಳು. ನ್ಯೂಯಾರ್ಕಿನ ಒಂದು ಹೋಟೆಲಿನ ಹಾಲ್‌ನಲ್ಲಿ, ಕೇಳುಗರಿಲ್ಲದೆ ರೆಕಾರ್ಡ್ ಮಾಡಿದ್ದು. ಆ ಎಲ್‌ಪಿಯಲ್ಲಿ ವೀವರ್ಸ್ ತಂಡದ ಫ್ರೆಡ್ ಹೆಲರ್‌ಮನ್ ಕೆಲವು ಹಾಡುಗಳಿಗೆ ಎರಡನೇ ಗಿಟಾರ್ ನುಡಿಸಿದ್ದಾರೆ. ನಿಮ್ಮ ಸಿಡಿಯಲ್ಲೂ ಆ ಗಿಟಾರ್ ಚೆನ್ನಾಗಿಯೇ ಕೇಳುತ್ತದೆ. ಪುಸ್ತಿಕೆಯಲ್ಲಿ ಮಾತ್ರ ಅಮೆರಿಕದ ಕೇಂಬ್ರಿಜ್‌ನ ಕ್ಲಬ್ 47ರಲ್ಲಿ ಬಯೆಜ್ ಒಬ್ಬರೇ ಹಾಡಿದ್ದು ಅಂತ ಬರೆದಿದ್ದೀರಿ.

ಹೆಡ್‌ಫೋನ್ ಹಾಕಿಕೊಂಡು ಆ ಹಾಡುಗಳ ಕೊನೆಯನ್ನು ಕೇಳಿ. ತಂತಿ ಇನ್ನೂ ಗುಂಯ್ ಅನ್ನುತ್ತಿರುವಾಗಲೇ ಚಪ್ಪಾಳೆ ದಬಕ್ಕನೆ ಶುರುವಾಗುತ್ತದೆ. ಎಡಗಡೆ ಯಾರೋ ಸಿಳ್ಳೆ ಹೊಡೆಯುತ್ತಾರೆ, ಆಮೇಲೆ ಒಂದು ಕೆಮ್ಮು. ಮುಂದಿನ ಹಾಡು ಮುಗಿದಾಗಲೂ ಅದೇ ಸಿಳ್ಳೆ, ಅದೇ ಕೆಮ್ಮು. ಅದರ ಮುಂದಿನದಕ್ಕೂ ಅದೇ. ಎಲ್ಲಿಂದಲೋ ತಂದ ಚಪ್ಪಾಳೆಯನ್ನು ಅಂಟಿಸಿದ್ದಾರೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದ ಕಥೆಯೂ ಇದೇ. 1959ರಲ್ಲಿ ಆ ಉತ್ಸವ ಮೊದಲ ಸಲ ನಡೆದಾಗ ಬಯೆಜ್‌ಗೆ 18 ವರ್ಷ. ಗಾಯಕ ಬಾಬ್ ಗಿಬ್ಸನ್ ತಮ್ಮ ಸರದಿಯಲ್ಲಿ ಅವರನ್ನು ವೇದಿಕೆಗೆ ಕರೆದರು, ಇಬ್ಬರೂ ಸೇರಿ ಎರಡು ಹಾಡು ಹಾಡಿದರು. ಬಯೆಜ್ ಹೆಸರು ಹೊರಗೆ ಗೊತ್ತಾಗಿದ್ದು ಅಲ್ಲಿಂದಲೇ. ನಿಮ್ಮ ಪಟ್ಟಿಯಲ್ಲಿ ಆ ದಿನದ್ದೇ ಐದು ಹಾಡುಗಳಿವೆ! ಉಳಿದ ಮೂರು ಅದೇ ವರ್ಷ ಬಿಲ್ ವುಡ್, ಟೆಡ್ ಅಲೆವಿಜೋಸ್ ಜೊತೆ ಸೇರಿ ಬೋಸ್ಟನ್ನಿನಲ್ಲಿ ಮಾಡಿದ ಎಲ್‌ಪಿಯಿಂದ ಎತ್ತಿದ್ದು.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ಕೊನೆಯ ಸಿಡಿ ಕೇಳಿ. ಅದರಲ್ಲಿ ‘ವಿ ಶಲ್ ಓವರ್‌ಕಮ್’ ಇದೆ. ನಮ್ಮ ಶಾಲೆಗಳಲ್ಲಿ ಮಕ್ಕಳು ‘ಹಮ್ ಹೋಂಗೇ ಕಾಮ್‌ಯಾಬ್’ ಅಂತ ಹಾಡುತ್ತಾರಲ್ಲ, ಅದರ ಮೂಲ. ಇದು ನಿಜವಾಗಿಯೂ ಲೈವ್. 1963ರಲ್ಲಿ ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ, ಕರಿಯರ ಮೈಲ್ಸ್ ಕಾಲೇಜಿನಲ್ಲಿ ರೆಕಾರ್ಡ್ ಆದದ್ದು. ಕರಿಯರ ಹಕ್ಕಿನ ಹೋರಾಟ ಕಾವೇರಿದ್ದ ವರ್ಷ, ಕಾವೇರಿದ್ದ ಊರು. ನನ್ನ ಹತ್ತಿರ ಇರುವ ಹಳೇ ಎಲ್‌ಪಿಯಲ್ಲಿ ಸೇರಿದ ಜನ ಅವರ ಜೊತೆ ದನಿಗೂಡಿಸುವುದು ಕೇಳುತ್ತದೆ. ಆ ಹಾಡಿನ ಜೀವವೇ ಅದು. ನಿಮ್ಮ ಸಿಡಿಯಲ್ಲಿ ಗದ್ದಲ ತೆಗೆಯಲು ಹೋಗಿ ಆ ಜನರನ್ನೇ ತೆಗೆದುಬಿಟ್ಟಿದ್ದಾರೆ. ಬಯೆಜ್ ಒಬ್ಬರ ದನಿ ಮುಂದಿದೆ, ಹಿಂದೆ ಏನೋ ಗುಜುಗುಜು ಅಷ್ಟೇ. ಜನ ಇಲ್ಲದ ಕಡೆ ಚಪ್ಪಾಳೆ ತಂದು ಸೇರಿಸಿದವರು, ಜನ ಇದ್ದ ಕಡೆ ಅವರನ್ನು ಯಾಕೆ ಅಳಿಸಿದರು?

ಇನ್ನೊಂದು ಮಾತು. ‘ಬೇಬ್, ಐಯಾಮ್ ಗೊನ್ನ ಲೀವ್ ಯು’ ಹಾಡಿಗೆ ನೀವು ‘ಸಾಂಪ್ರದಾಯಿಕ’, ಅಂದರೆ ಬರೆದವರು ಯಾರೆಂದು ಗೊತ್ತಿಲ್ಲದ ಹಳೇ ಹಾಡು, ಅಂತ ಹಾಕಿದ್ದೀರಿ. ಅದನ್ನು ಬರೆದವರು ಆ್ಯನ್ ಬ್ರೆಡನ್. ಬಯೆಜ್ 1962ರಲ್ಲಿ ಹಾಡಿದ್ದನ್ನು ಕೇಳಿ ಲೆಡ್ ಝೆಪೆಲಿನ್ ಎಂಬ ಬ್ರಿಟಿಷ್ ರಾಕ್ ತಂಡ 1969ರಲ್ಲಿ ತನ್ನ ಎಲ್‌ಪಿಗೆ ಹಾಕಿಕೊಂಡಿತು, ಅಲ್ಲೂ ಸಾಂಪ್ರದಾಯಿಕ ಅಂತಲೇ ಇತ್ತು. ಬ್ರೆಡನ್ ಹೆಸರು ಅಲ್ಲಿ ಸೇರಲು ಎಷ್ಟೋ ವರ್ಷ ಬೇಕಾಯಿತು. ಸರಿಯಾದ ಹೆಸರು ಈಗ ಎಲ್ಲರಿಗೂ ಸಿಗುತ್ತದೆ. ಹಾಗಿದ್ದೂ ಹಳೇ ತಪ್ಪನ್ನೇ ಮತ್ತೆ ಅಚ್ಚು ಹಾಕುವುದು ಅನ್ಯಾಯ ಅಲ್ವಾ?

ನಿಮ್ಮ ಸಹಾಯವಾಣಿಯವರು ಸೌಜನ್ಯದಿಂದಲೇ ಮಾತಾಡಿದರು. ಆದರೆ ಪ್ಯಾಕ್ ಒಡೆದಿರುವುದರಿಂದ ವಾಪಸ್ ತೆಗೆದುಕೊಳ್ಳುವುದಿಲ್ಲ, ಬೇಕಾದರೆ ವೋಚರ್ ಕೊಡುತ್ತೇವೆ ಅಂದರು. ಪ್ಯಾಕ್ ಒಡೆಯದೆ ಹಾಡು ಕೇಳುವುದು ಹೇಗೆ? 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ವಸ್ತುವನ್ನು ವಾಪಸ್ ತೆಗೆದುಕೊಳ್ಳಲು ಮಾರಾಟಗಾರರು ನಿರಾಕರಿಸುವ ಹಾಗಿಲ್ಲ. ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ನನಗೆ ವೋಚರ್ ಬೇಡ. ಸಾಗಣೆ ಖರ್ಚೂ ಸೇರಿಸಿ ಪೂರ್ತಿ ಹಣ ನನ್ನ ಖಾತೆಗೆ ಹಾಕಿ. ನಿಮ್ಮ ಪುಟದಿಂದ ‘ಎಲ್ಲ ಹಾಡುಗಳೂ ಲೈವ್’ ಅನ್ನುವುದನ್ನು ಇವತ್ತೇ ತೆಗೆಯಿರಿ. ಯಾವ ಹಾಡು ಎಲ್ಲಿ, ಯಾವಾಗ ರೆಕಾರ್ಡ್ ಆಯಿತು ಅಂತ ಸರಿಯಾಗಿ ಹಾಕಿ, ಬ್ರೆಡನ್ ಹೆಸರು ಸೇರಿಸಿ. ಈಗಾಗಲೇ ಕೊಂಡವರಿಗೂ ಈ ವಿಷಯ ತಿಳಿಸಿ. ಒಂದು ತಿಂಗಳೊಳಗೆ ಇದು ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ.

ಬಿಲ್ಲಿನ ಪ್ರತಿ, ಡಬ್ಬ ಮತ್ತು ಪುಸ್ತಿಕೆಯ ಫೋಟೋಗಳು, ಒಂದೇ ಸಿಳ್ಳೆ ಬರುವ ಹಾಡುಗಳ ಪಟ್ಟಿ ಇದರ ಜೊತೆಗಿವೆ.

ಇಂತಿ,
ನಿಮ್ಮ ಗ್ರಾಹಕ