ದೂಳು ಕುಡಿಸದ ಮೆಷಿನ್ ಬೇಕು, ಬಿಚ್ಚಲು ಬರುವ ಮೆಷಿನ್ ಬೇಕು

ಮಾನ್ಯ ಸಂಪಾದಕರೇ,

ಹೋದ ತಿಂಗಳು ಮಂಡ್ಯದಲ್ಲಿರುವ ನನ್ನ ಮಗಳ ಮನೆಯ ವ್ಯಾಕ್ಯೂಮ್ ಕ್ಲೀನರ್ ನಿಂತುಹೋಯಿತು. ವೈರಿಲ್ಲದ, ಕೋಲಿನಂಥ ಹೊಸ ನಮೂನೆಯ ಮೆಷಿನ್. ತಗೊಂಡು ನಾಲ್ಕು ವರ್ಷ ಆಗಿತ್ತು. ಮೋಟಾರು ಚೆನ್ನಾಗಿದೆ, ಬ್ರಷ್ ಚೆನ್ನಾಗಿದೆ, ಬ್ಯಾಟರಿ ಮಾತ್ರ ಚಾರ್ಜ್ ಹಿಡಿಯುತ್ತಿಲ್ಲ. ಮೈಸೂರಿನ ಅಂಗಡಿಗೆ ನಾನೇ ಹೊತ್ತುಕೊಂಡು ಹೋದೆ. ಕೌಂಟರಿನಲ್ಲಿದ್ದ ಹುಡುಗ ಮುಟ್ಟಿಯೂ ನೋಡಲಿಲ್ಲ. "ಈ ಮಾಡೆಲ್ ನಿಂತೋಗಿದೆ ಅಮ್ಮ, ಬ್ಯಾಟರಿ ಬರಲ್ಲ. ಎಕ್ಸ್‌ಚೇಂಜ್‌ನಲ್ಲಿ ಹೊಸದು ತಗೊಳ್ಳಿ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಮಾತು ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಈ ಪತ್ರ.

ನಾನು 1991ರಿಂದ 2019ರವರೆಗೆ ಮೈಸೂರಿನ ಒಂದು ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡಿದವಳು. ಸೇರಿದಾಗ ರೂಮು ಗುಡಿಸುವವಳು, ಬಿಡುವಾಗ ಸೂಪರ್‌ವೈಸರ್. ಮಹಡಿಗೊಂದು ಉದ್ದದ ಕಾರಿಡಾರು, ಅದರ ತುಂಬ ಕಾರ್ಪೆಟ್. ಪೊರಕೆಯಿಂದ ಕಾರ್ಪೆಟ್ ಗುಡಿಸಿದರೆ ದೂಳು ಮೇಲೆದ್ದು ಮತ್ತೆ ಅಲ್ಲೇ ಕೂರುತ್ತದೆ. ಹಾಗಾಗಿ ಮೊದಲ ವಾರವೇ ನನ್ನ ಕೈಗೆ ಬಂದದ್ದು ನಿಲ್ಲಿಸಿಕೊಂಡು ತಳ್ಳುವ ಹಳೆಯ ಮೆಷಿನ್. ಅಂಗಡಿಯವರು ಅಪ್‌ರೈಟ್ ಅನ್ನುತ್ತಾರೆ. ನಾವು ಚೀಲದ ಮೆಷಿನ್ ಅನ್ನುತ್ತಿದ್ದೆವು. ಇಂಗ್ಲೆಂಡಿನಿಂದ ತರಿಸಿದ್ದಂತೆ.

ಕೆಳಗೆ ದಪ್ಪ ಲೋಹದ ತಲೆ. ಅದರೊಳಗೇ ಮೋಟಾರು, ಫ್ಯಾನು, ಗಿರಗಿರ ತಿರುಗುವ ಬ್ರಷ್. ಮೇಲೆ ಹಿಡಿ, ಹಿಡಿಗೆ ತೂಗುಬಿಟ್ಟ ಬಟ್ಟೆ ಚೀಲ. ಸ್ವಿಚ್ ಹಾಕಿದರೆ ಚೀಲ ಉಬ್ಬಿ ನಿಲ್ಲುತ್ತಿತ್ತು. ಬ್ರಷ್ಷು ಕಾರ್ಪೆಟ್ಟಿಗೆ ಬಡಿದು ಮಣ್ಣನ್ನು ಸಡಿಲ ಮಾಡುತ್ತದೆ, ಫ್ಯಾನು ಎಳೆದುಕೊಳ್ಳುತ್ತದೆ, ಅದೇ ಫ್ಯಾನು ಆ ಕಸವನ್ನು ಚೀಲಕ್ಕೆ ತಳ್ಳುತ್ತದೆ. ಅಂದರೆ ಎಲ್ಲ ಕಸವೂ ಫ್ಯಾನಿನ ರೆಕ್ಕೆ ದಾಟಿಯೇ ಹೋಗಬೇಕು. ಮದುವೆಯವರು ಬಿಟ್ಟುಹೋದ ರೂಮಿನಲ್ಲಿ ಅಕ್ಷತೆ ಕಾಳು ಆ ಫ್ಯಾನಿಗೆ ಸಿಕ್ಕರೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಚಟಚಟ ಅನ್ನುತ್ತಿತ್ತು. ನಾಣ್ಯ ಸಿಕ್ಕರೆ ಎದೆ ಧಸಕ್ಕೆನ್ನುತ್ತಿತ್ತು.

ಆ ಮೆಷಿನ್ ಮೇಲೆ ನನಗೆ ಇವತ್ತಿಗೂ ಗೌರವ ಇದೆ. ಕಾರಣ ಅದರ ಬೆಲ್ಟ್. ಮೋಟಾರಿನಿಂದ ಬ್ರಷ್‌ಗೆ ಹೋಗುವ ಒಂದೇ ಒಂದು ರಬ್ಬರ್ ಬೆಲ್ಟ್, ದೊಡ್ಡ ಬಳೆಯಷ್ಟು. ಬೆಡ್‌ಶೀಟಿನ ಮೂಲೆ ಬ್ರಷ್‌ಗೆ ಸಿಕ್ಕಿಕೊಂಡರೆ ರಬ್ಬರ್ ಸುಟ್ಟ ವಾಸನೆ ಬರುತ್ತಿತ್ತು. ಬೆಲ್ಟ್ ಹೋಯಿತು ಅಂತ ಅರ್ಥ. ಮೆಷಿನ್ ಮಗುಚಿ ಹಾಕಿ, ತಳದ ತಗಡು ಬಿಚ್ಚಿ, ಬ್ರಷ್ ಹೊರಗೆ ತೆಗೆಯುವುದು. ಅದಕ್ಕೆ ಸುತ್ತಿಕೊಂಡ ಕೂದಲು, ಮಲ್ಲಿಗೆ ಮಾಲೆಯ ದಾರ, ಬಾಳೆನಾರು ಎಲ್ಲವನ್ನೂ ಕತ್ತರಿಯಿಂದ ಸೀಳಿ ಕೀಳುವುದು. ಹೊಸ ಬೆಲ್ಟಿನ ಒಂದು ತುದಿ ಮೋಟಾರಿನ ದಂಡಕ್ಕೆ, ಇನ್ನೊಂದು ಬ್ರಷ್ಷಿನ ನಡುವಿನ ತೋಡಿಗೆ ಹಾಕಿ, ಬ್ರಷ್ಷನ್ನು ಎಳೆದು ಕೂರಿಸಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡುವುದು. ಕೆಲಸದಲ್ಲಿ ನನಗಿಂತ ಹಿರಿಯರಾದ ಅಕ್ಕ ಒಂದು ಸಲ ತೋರಿಸಿದ್ದಷ್ಟೇ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಎಲೆಕ್ಟ್ರಿಷಿಯನ್ ಬರುವವರೆಗೂ ಕಾಯದೆ ಮೆಷಿನ್ ರಿಪೇರಿ ಮಾಡಿದೆ ಅಂತ ಅವತ್ತು ಮನೆಗೆ ಹೋಗಿ ಅಮ್ಮನಿಗೆ ಹೇಳಿಕೊಂಡಿದ್ದೆ. ಆಯುಧಪೂಜೆ ದಿನ ಆ ಮೆಷಿನ್‌ಗೆ ನಾವೇ ಅರಿಶಿನ ಕುಂಕುಮ ಇಟ್ಟು, ಹಿಡಿಗೆ ಸೇವಂತಿಗೆ ಹಾರ ಕಟ್ಟುತ್ತಿದ್ದೆವು.

ಆದರೆ ಅದರ ಚೀಲ ನಮಗೆ ದೂಳು ಕುಡಿಸಿತು. ಇದನ್ನು ಮುಚ್ಚಿಟ್ಟು ಹಳೆಯದೇ ಚೆನ್ನ ಅಂತ ಬರೆದರೆ ಸುಳ್ಳಾಗುತ್ತದೆ. ಫ್ಯಾನು ಗಾಳಿಯನ್ನು ಚೀಲದೊಳಕ್ಕೆ ಒತ್ತಿ ತುಂಬುತ್ತದೆ. ಆ ಗಾಳಿ ಬಟ್ಟೆಯ ಸಂದಿಯಿಂದಲೇ ಹೊರಗೆ ಬರಬೇಕು. ದಪ್ಪ ಕಸ ಒಳಗೆ ನಿಲ್ಲುತ್ತದೆ, ನಯವಾದ ದೂಳು ಗಾಳಿಯ ಜೊತೆ ಹೊರಗೆ ಬಂದು ನಮ್ಮ ಮುಖದ ಮುಂದೆಯೇ ತೇಲುತ್ತದೆ. ಬೆಳಿಗ್ಗೆ ಕಿಟಕಿಯಿಂದ ಬಿಸಿಲು ಬಿದ್ದಾಗ ಚೀಲದ ಸುತ್ತ ಅದು ಹೊಗೆಯಂತೆ ಕಾಣುತ್ತಿತ್ತು. ಚೀಲ ಕೊಡವುವ ಕೆಲಸ ಟೆರೇಸಿನ ಮೇಲೆ. ನನಗೆ ಬೆಲ್ಟ್ ಹಾಕಲು ಕಲಿಸಿದ ಆ ಅಕ್ಕನಿಗೆ ಉಬ್ಬಸ ಇತ್ತು. ದೂಳಿನಿಂದಲೇ ಬಂತು ಅಂತ ನಾನು ಹೇಳಲಾರೆ. ಚೀಲ ಕೊಡವಿದ ದಿನ ಅವರಿಗೆ ಜಾಸ್ತಿ ಆಗುತ್ತಿತ್ತು, ಅದನ್ನು ಕಣ್ಣಾರೆ ಕಂಡಿದ್ದೇನೆ. ಕೊನೆಗೆ ಅವರು ಕೆಲಸ ಬಿಟ್ಟರು.

ಒಂದು ದಸರಾದಲ್ಲಿ ರೂಮಿನಲ್ಲಿದ್ದ ಹೆಂಗಸಿನ ಮೂಗುತಿ ಕಳೆದುಹೋಯಿತು. ಅವರ ತಾಯಿ ಕೊಟ್ಟಿದ್ದಂತೆ, ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಆ ರೂಮಿಗೆ ಮೆಷಿನ್ ಹಾಕಿದವಳು ನಾನೇ. ಟೆರೇಸಿನಲ್ಲಿ ಪೇಪರ್ ಹಾಸಿ ಚೀಲ ಸುರಿದು ಮೂರು ಜನ ಕೂತೆವು. ಬೂದಿಯಂಥ ದೂಳು, ಕೂದಲ ಉಂಡೆ, ಅಕ್ಕಿ. ಬೆರಳಲ್ಲಿ ಹಿಚುಕಿ ಹಿಚುಕಿ ನೋಡಬೇಕು. ಒಂದು ಗಂಟೆ ಆದಮೇಲೆ ಸಿಕ್ಕಿತು. ಹರಳು ಇತ್ತು, ಹಿಂದಿನ ಕಡ್ಡಿ ಫ್ಯಾನಿಗೆ ಬಡಿದು ಸೊಟ್ಟಗಾಗಿತ್ತು. ನಮಗೆ ವಾರ ಪೂರ್ತಿ ಕೆಮ್ಮು.

ಹೊಸ ಮೆಷಿನ್‌ಗಳಲ್ಲಿ ಈ ದಾರಿಯನ್ನೇ ಬದಲಾಯಿಸಿದ್ದಾರೆ. ಕಸ ಮೊದಲು ಡಬ್ಬಿಗೋ ಚೀಲಕ್ಕೋ ಹೋಗುತ್ತದೆ, ಆಮೇಲೆ ಫಿಲ್ಟರ್, ಅದಾದಮೇಲೆ ಫ್ಯಾನು. ಫ್ಯಾನಿಗೆ ತಲುಪುವುದು ಗಾಳಿ ಮಾತ್ರ. ಡಬ್ಬಿಯಲ್ಲಿ ಎಲ್ಲಾದರೂ ಸಣ್ಣ ಬಿರುಕಿದ್ದರೂ ಗಾಳಿ ಒಳಗೆ ಎಳೆಯುತ್ತದೆಯೇ ಹೊರತು ದೂಳು ಹೊರಗೆ ಚಿಮ್ಮುವುದಿಲ್ಲ. 2012ರಲ್ಲಿ ನಮ್ಮ ಹೋಟೆಲಿಗೆ ಅಂಥದ್ದು ಬಂತು. ಪಾರದರ್ಶಕ ಡಬ್ಬಿ. ಅಕ್ಷತೆ ಒಳಗೆ ಸುಳಿಯಂತೆ ಸುತ್ತುವುದು ಕಾಣುತ್ತಿತ್ತು. ಮೂಗುತಿ ಬಿದ್ದಿದ್ದರೆ ಕೂಡಲೇ ಕಂಡುಬಿಡುತ್ತಿತ್ತು ಅಂತ ಅವತ್ತೇ ಅನ್ನಿಸಿತು. ನಯವಾದ ದೂಳು ಹಿಡಿಯುವ ಹೆಪಾ ಫಿಲ್ಟರ್ ಅಂದರೆ 0.3 ಮೈಕ್ರಾನಿನ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಕಣಗಳಲ್ಲೂ ನೂರಕ್ಕೆ 99.97ರಷ್ಟನ್ನು ಹಿಡಿಯಬೇಕಂತೆ. ನನಗೆ ಗೊತ್ತಾಗಿದ್ದು ಇಷ್ಟು: ಸಂಜೆ ಮೂಗು ಒರೆಸಿದರೆ ಕರವಸ್ತ್ರ ಕಪ್ಪಾಗುತ್ತಿರಲಿಲ್ಲ.

ಈ ವಿಷಯ ಹೇಳುವಾಗ ಮೊಮ್ಮಗಳು ಒಂದು ಸಂಗತಿ ಓದಿ ಹೇಳಿದಳು. ಅಪ್‌ರೈಟ್ ಮೆಷಿನ್ ಮಾಡಿದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅಮೆರಿಕದ ಓಹಿಯೋದ ಕ್ಯಾಂಟನ್ ಊರಿನಲ್ಲಿ ಒಂದು ದೊಡ್ಡ ಅಂಗಡಿ ಗುಡಿಸುತ್ತಿದ್ದವನು. ಅವನಿಗೂ ಉಬ್ಬಸ. ದೂಳು ತಡೆಯಲಾಗದೆ ಫ್ಯಾನಿನ ಮೋಟಾರು, ಪೊರಕೆಯ ಕೋಲು, ದಿಂಬಿನ ಕವರು ಸೇರಿಸಿ ಮೆಷಿನ್ ಮಾಡಿದ. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡವನು ಚರ್ಮದ ಸಾಮಾನು ಮಾಡುತ್ತಿದ್ದ ಹೂವರ್. ವರ್ಷಗಟ್ಟಲೆ ಅದನ್ನು ತಳ್ಳಿದ ನನಗೆ ಇದು ಗೊತ್ತಿರಲಿಲ್ಲ. ಗುಡಿಸುವವನೇ ಗುಡಿಸುವವರಿಗಾಗಿ ಮಾಡಿದ್ದು ಅಂತ ಕೇಳಿ ಆ ಅಕ್ಕ ನೆನಪಾಗಿ ಕಣ್ಣು ತುಂಬಿತು. ಚೀಲ ಇಲ್ಲದ ಮೆಷಿನ್‌ಗೆ ಇಂಗ್ಲೆಂಡಿನ ಜೇಮ್ಸ್ ಡೈಸನ್ 5,127 ಮಾದರಿ ಮಾಡಿ ನೋಡಿದರಂತೆ. ಅವರ ಮೊದಲ ಅಪ್‌ರೈಟ್ 1993ರಲ್ಲಿ ಅಂಗಡಿಗೆ ಬಂತು.

ಇಷ್ಟು ಕಷ್ಟಪಟ್ಟು ಸುಧಾರಿಸಿದ ಮೆಷಿನ್ ಒಂದು ಬ್ಯಾಟರಿಗೋಸ್ಕರ ಗುಜರಿಗೆ ಹೋಗಬೇಕಾ? ನನ್ನ ತಕರಾರು ಇರುವುದು ಇಲ್ಲಿ. ಹೊಸದರಲ್ಲಿ ಬೆಲ್ಟ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಕೆಲವದರ ಬ್ರಷ್ ಬಿಚ್ಚಲು ನಮ್ಮ ಹತ್ತಿರ ಇಲ್ಲದ ನಕ್ಷತ್ರದಾಕಾರದ ಸ್ಕ್ರೂ ಡ್ರೈವರ್ ಬೇಕು. ಫೋಮ್ ಫಿಲ್ಟರ್ ತೊಳೆದರೆ ಇಡೀ ಒಂದು ದಿನ ಒಣಗಿಸಿ ಅಂತ ಬರೆದಿರುತ್ತಾರೆ. ಜುಲೈನಲ್ಲಿ ಮೈಸೂರಿನ ಜಡಿಮಳೆಗೆ ಒಂದು ದಿನದಲ್ಲಿ ಎಲ್ಲಿ ಒಣಗುತ್ತದೆ? ಒದ್ದೆಯದನ್ನೇ ಹಾಕಿ ಓಡಿಸುತ್ತಾರೆ, ಮೆಷಿನ್ ಕೆಡುತ್ತದೆ. ಇನ್ನೊಂದು ಫಿಲ್ಟರ್ ಜೊತೆಗೇ ಕೊಟ್ಟರೆ ಮುಗಿಯಿತು, ಅಲ್ವಾ? ಮಗಳ ಮನೆಯಲ್ಲಿ ಚೆಲ್ಲಿದ ರಾಗಿಹಿಟ್ಟು ಎಳೆದರೆ ಎರಡೇ ನಿಮಿಷದಲ್ಲಿ ಫಿಲ್ಟರ್ ಕಟ್ಟಿಕೊಳ್ಳುತ್ತಿತ್ತು.

ಭಾರದ ಮಾತು ಬೇರೆ. ನಮ್ಮ ಹಳೆಯ ಮೆಷಿನ್ ಹತ್ತಿರ ಹತ್ತಿರ 9 ಕೆ.ಜಿ. ಇತ್ತು. ಮೆಟ್ಟಿಲು ಹತ್ತಿಸುವಾಗ ಪ್ರಾಣ ಹೋಗುತ್ತಿತ್ತು. ಆದರೆ ತಳ್ಳುವಾಗ ಆ ಭಾರವನ್ನು ನೆಲವೇ ಹೊರುತ್ತಿತ್ತು. ಈಗಿನ ಕೋಲಿನ ಮೆಷಿನ್ ಎಲ್ಲ ಸೇರಿ 3 ಕೆ.ಜಿ. ಇದ್ದರೂ ಮೋಟಾರು, ಬ್ಯಾಟರಿ, ಡಬ್ಬಿ ಎಲ್ಲ ಕೈ ಹತ್ತಿರವೇ. ಮಣಿಕಟ್ಟು ಹೊರಬೇಕು. ಮನೆಯ ಎರಡು ರೂಮಿಗೆ ಪರವಾಗಿಲ್ಲ. ದಿನಕ್ಕೆ ಹದಿನಾಲ್ಕು ರೂಮು ಮಾಡುವವಳಿಗೆ ಅದನ್ನು ಕೊಡಬೇಡಿ. ಜೋರಾಗಿ ಇಟ್ಟರೆ ಬ್ಯಾಟರಿ ಹತ್ತು ನಿಮಿಷ ಬಂದರೆ ಹೆಚ್ಚು, ಕಾರಿಡಾರಿನ ಅರ್ಧಕ್ಕೇ ನಿಲ್ಲುತ್ತದೆ.

ಅಂಗಡಿಯಲ್ಲಿ ಮೊದಲು ಹೇಳುವುದು ವ್ಯಾಟ್. 1600, 1800 ಅಂತ ಡಬ್ಬಿ ಮೇಲೆ ದೊಡ್ಡದಾಗಿ ಇರುತ್ತದೆ. ವ್ಯಾಟ್ ಅಂದರೆ ಅದು ತಿನ್ನುವ ಕರೆಂಟು, ಎಳೆಯುವ ಶಕ್ತಿ ಅಲ್ಲ. ಯುರೋಪಿನ ಒಕ್ಕೂಟದಲ್ಲಿ 2017ರಿಂದ ಮನೆಬಳಕೆಯ ವೈರಿನ ಮೆಷಿನ್ 900 ವ್ಯಾಟ್‌ಗಿಂತ ಕಡಿಮೆ ಇರಬೇಕು, ಮೋಟಾರು ಕನಿಷ್ಠ 500 ಗಂಟೆ ಬಾಳಬೇಕು, ಪೈಪು 40,000 ಸಲ ಬಾಗಿದ ಮೇಲೂ ಕೆಲಸಕ್ಕೆ ಬರಬೇಕು ಅಂತ ನಿಯಮ ಮಾಡಿದ್ದಾರೆ. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್, ಅಂದರೆ ರಿಪೇರಿ ಮತ್ತು ಬಿಡಿಭಾಗದ ಮಾಹಿತಿ ಕೊಡುವ ವೆಬ್‌ಸೈಟ್, ಶುರು ಮಾಡಿತು. ಒಳ್ಳೆಯ ಕೆಲಸ. ಆದರೆ ಕೌಂಟರಿನಲ್ಲಿ ನಿಂತ ನನ್ನಂಥವಳಿಗೆ ಬೇಕಾದದ್ದು ಡಬ್ಬಿಯ ಮೇಲೆ ಒಂದು ಸಾಲು: ಈ ಮೆಷಿನ್‌ಗೆ ಬ್ಯಾಟರಿ, ಬೆಲ್ಟ್, ಫಿಲ್ಟರ್ ಇಂತಿಷ್ಟು ವರ್ಷ ಸಿಗುತ್ತದೆ. ವ್ಯಾಟ್‌ನಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಲಿ. ಅದನ್ನು ಕಡ್ಡಾಯ ಮಾಡಿ ಅಂತ ಇಲಾಖೆಯನ್ನು ನಿಮ್ಮ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ.

ಹೋಟೆಲು, ಛತ್ರ, ಆಸ್ಪತ್ರೆ ನಡೆಸುವವರಲ್ಲೂ ಒಂದು ಮಾತು. ದಸರಾ ಹತ್ತಿರ ಬಂತು, ನೀವು ಮೆಷಿನ್ ಕೊಳ್ಳುತ್ತೀರಿ. ಚೀಲದಿಂದ ದೂಳು ಉಗುಳುವ ಹಳೆಯದು ಇನ್ನೂ ಸ್ಟೋರ್ ರೂಮಿನಲ್ಲಿದ್ದರೆ ದಯವಿಟ್ಟು ಅದನ್ನು ಹುಡುಗಿಯರ ಕೈಗೆ ಕೊಡಬೇಡಿ. ಹೊಸದನ್ನು ಕೊಳ್ಳಲು ಹೋಗುವಾಗ ಅದನ್ನು ತಳ್ಳುವವಳನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಅಲ್ಲೇ ಮಗುಚಿ ಹಾಕಿ ಬ್ರಷ್ ಬಿಚ್ಚಲು ಹೇಳಿ. ಬಿಚ್ಚಲು ಬಂದರೆ ಮಾತ್ರ ಬಿಲ್ ಮಾಡಿಸಿ.

ಇಂತಿ,
ನಿವೃತ್ತ ಹೌಸ್‌ಕೀಪಿಂಗ್ ಸೂಪರ್‌ವೈಸರ್,
ಚಾಮುಂಡಿಪುರಂ, ಮೈಸೂರು