ಬಸ್ಸು ಹೋಗಿಬಿಟ್ಟಿತು ಅಂದವಳಿಗೆ

ಕರ್ತನಲ್ಲಿ ಪ್ರೀತಿಯ ಪುಟ್ಟಿಗೆ,

ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನಿನ್ನಪ್ಪನ ಶುಗರ್, ಹೊಸ ಬಾಡಿಗೆ ಮನೆ, ತಮ್ಮನ ಮದುವೆಯ ಮಾತುಕತೆ ಎಲ್ಲ ಫೋನಿನಲ್ಲೇ ಆಗಿದೆ. ಅದನ್ನು ಇಲ್ಲಿ ಎತ್ತುವುದಿಲ್ಲ. ಕೊನೆಯಲ್ಲಿ, ಸಹಿಗಿಂತ ಸ್ವಲ್ಪ ಮೇಲೆ, ಒಂದು ಮಾತು ಬರೆದಿದ್ದೀಯ. "ಅತ್ತೆ, ದೇವರು ನನಗೆಂದು ಇಟ್ಟಿದ್ದ ಬದುಕು ಬೇರೆ, ನಾನು ಬದುಕುತ್ತಿರುವುದು ಬೇರೆ. ಬಸ್ಸು ಹೋಗಿಬಿಟ್ಟಿತು." ಅದನ್ನು ಓದಿದ ಮೇಲೆ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಫೋನ್ ಮಾಡೋಣ ಅಂದುಕೊಂಡೆ. ಆದರೆ ಫೋನಿನಲ್ಲಿ "ಸುಮ್ನೆ ಬರೆದೆ ಅತ್ತೆ" ಅಂದುಬಿಡುತ್ತೀಯ. ಸುಮ್ನೆ ಬರೆದದ್ದಲ್ಲ ಅದು.

ಯಾವ ಬಸ್ಸು ಅಂತ ನನಗೆ ಗೊತ್ತು. ಯುವಜನ ಶಿಬಿರದಲ್ಲಿ ಡಾಕ್ಟರಾಗುತ್ತೇನೆ ಅಂತ ನೀನು ಕೈ ಎತ್ತಿದ್ದು, ಆಮೇಲೆ ನೀಟ್‌ನಲ್ಲಿ ಆದದ್ದು, ಅದರ ಬಗ್ಗೆ ಮನೆಯಲ್ಲಿ ಬೇಕಾದಷ್ಟು ಮಾತಾಗಿದೆ. ಬೇಡದ ಮಾತೂ ಆಗಿದೆ. ಈಗ ನಿಮ್ಮ ಸಭೆಯ ಯುವತಿಯರ ಗುಂಪಿನಲ್ಲಿ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ನಿಮ್ಮ ಬದುಕಿಗೆ ದೇವರ ಉದ್ದೇಶವೇನು ಬರೆಯಿರಿ ಅಂದರಂತೆ. ಉಳಿದವರೆಲ್ಲ ಬರೆದರು, ನಿನ್ನ ಹಾಳೆ ಖಾಲಿ ಉಳಿಯಿತು. ನಿಜ ಹೇಳಲಾ, ಆ ಹಾಳೆಯ ಮೇಲೆ ನನಗೆ ಸಿಟ್ಟೇ ಬಂತು. ಇಷ್ಟು ಚಿಕ್ಕ ಹುಡುಗಿಯರು ಕಾಫಿ ಬರುವುದರೊಳಗೆ ಬರೆದು ಮುಗಿಸುವಂಥದ್ದಾ ಅದು? ನಡೆಸಿದವರ ಮನಸ್ಸು ಒಳ್ಳೆಯದೇ ಇರುತ್ತದೆ, ಬಿಡು.

ಹಾಳೆಯ ಕೆಳಗೆ ಬೈಬಲಿನ ಯೆರೆಮೀಯ 29:11 ಅಚ್ಚಾಗಿತ್ತು ಅಂದಿದ್ದೀಯ. ಇಲ್ಲಿ ನನ್ನ ಗೋಡೆಯ ಕ್ಯಾಲೆಂಡರಿನಲ್ಲೂ ಅದೇ ಇದೆ. ದೇವರಿಗೆ ನಮ್ಮ ಬಗ್ಗೆ ಒಳ್ಳೆಯ ಆಲೋಚನೆ ಇದೆ, ಕೇಡಿನದ್ದಲ್ಲ ಅನ್ನುವ ವಾಕ್ಯ. ನಿನಗೆ ಬಾಯಿಪಾಠ. ಆದರೆ ಆ ಅಧ್ಯಾಯವನ್ನು ಮೊದಲಿನಿಂದ ಒಮ್ಮೆ ಓದು. ಅದೂ ಒಂದು ಪತ್ರ. ಯಾರಿಗೆ ಬರೆದದ್ದು? ಯೆರೂಸಲೇಮಿನಿಂದ ಸೆರೆಹಿಡಿದು ಬಾಬೆಲಿಗೆ ಎಳೆದುಕೊಂಡು ಹೋದವರಿಗೆ. ನಮ್ಮ ನಿಜವಾದ ಬದುಕು ಅಲ್ಲಿ ಉಳಿಯಿತು, ಇಲ್ಲಿರುವುದು ಬದುಕೇ ಅಲ್ಲ ಅಂದುಕೊಂಡು ಕೂತವರಿಗೆ. ಎರಡೇ ವರ್ಷದಲ್ಲಿ ಎಲ್ಲ ಮೊದಲಿನಂತಾಗುತ್ತದೆ ಅಂತ ಹೇಳುವ ಪ್ರವಾದಿಗಳೂ ಆಗ ಇದ್ದರು. ಯೆರೆಮೀಯ ಹಾಗೆ ಹೇಳಲಿಲ್ಲ. 70 ವರ್ಷ ಅಂದ. ಅಂದರೆ ಕೇಳಿದವರಲ್ಲಿ ಹೆಚ್ಚಿನವರು ವಾಪಸ್ ಹೋಗುವುದೇ ಇಲ್ಲ. ಅವರಿಗೆ ಅವನು ಹೇಳಿದ್ದು ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ಆ ಪಟ್ಟಣದ ಒಳ್ಳೆಯದಕ್ಕಾಗಿ ಪ್ರಾರ್ಥಿಸಿ. ಕ್ಯಾಲೆಂಡರಿನ ವಾಕ್ಯ ಬರುವುದು ಇದೆಲ್ಲ ಹೇಳಿ ಆದ ಮೇಲೆ.

ಬಸ್ಸು ತಪ್ಪಿದವರಿಗೇ ಬರೆದ ಮಾತು ಪುಟ್ಟಿ ಅದು. ಅದನ್ನೇ ಹಿಡಿದುಕೊಂಡು ನೀನು ನಿನ್ನ ಬಸ್ಸು ಹೋಯಿತು ಅಂತ ಅಳುತ್ತಿದ್ದೀಯ.

ಇದು ನನಗೆ ಮೊದಲಿನಿಂದ ತಿಳಿದಿತ್ತು ಅಂದುಕೊಳ್ಳಬೇಡ. ನಾನು ನರ್ಸಾಗಿ ಉತ್ತರದ ಕಡೆಯ ಒಂದು ಮಿಷನ್ ಆಸ್ಪತ್ರೆಗೆ ಹೋಗಬೇಕಾಗಿದ್ದದ್ದು, ನಿನ್ನಜ್ಜಿಗೆ ಲಕ್ವ ಹೊಡೆದದ್ದು ನಿಮಗೆಲ್ಲ ಗೊತ್ತು. ಅತ್ತೆ ಮನೆಗೋಸ್ಕರ ಎಲ್ಲ ಬಿಟ್ಟಳು ಅಂತ ನಿನ್ನಪ್ಪ ಸಭೆಯಲ್ಲೂ ಹೇಳಿದ್ದಾನೆ. ಅವನಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಉಳಿದುಕೊಂಡೆ ಹೌದು, ಮನಸ್ಸು ಉಳಿಯಲಿಲ್ಲ. ನರ್ಸಸ್ ಕ್ವಾರ್ಟರ್ಸಿನ ಅಂಗಳದಲ್ಲಿ ಉಳಿದ ಸಿಸ್ಟರ್‌ಗಳೆಲ್ಲ ಮಲ್ಲಿಗೆ ಹಾಕಿದ್ದರು. ಶಂಕರಪುರದಿಂದ ಗಿಡ ತಂದು, ಬುಡಕ್ಕೆ ಮಣ್ಣು ಏರಿಸಿ, ಬೆಳಿಗ್ಗೆ ಮೊಗ್ಗು ಕೊಯ್ದು ಅಟ್ಟೆ ಕಟ್ಟಿ ಮಾರುವಷ್ಟು ಬೆಳೆಸಿದವರಿದ್ದರು. ನಾನು ಒಂದು ಗಿಡ ನೆಡಲಿಲ್ಲ. ಹೇಗೂ ಹೋಗುವವಳಲ್ವಾ ಅಂತ. ಹೊಸದಾಗಿ ಬಂದ ನರ್ಸ್ ಹುಡುಗಿಯರ ಊರು, ಮನೆ ಕೇಳಲಿಲ್ಲ. ಅಮ್ಮನನ್ನು ಮಗ್ಗುಲು ಬದಲಿಸುವಾಗಲೂ ಕೈ ಇಲ್ಲಿ, ತಲೆ ಅಲ್ಲಿ. ಅಮ್ಮನಿಗೆ ಮಾತು ಹೋಗಿತ್ತು, ಬುದ್ಧಿ ಹೋಗಿರಲಿಲ್ಲ. ಅವಳಿಗೆ ತಿಳಿಯುತ್ತಿತ್ತು ಅಂತ ಈಗ ಅನ್ನಿಸುತ್ತದೆ. ಹೋಗಲಿಲ್ಲ ಅನ್ನುವ ಸಂಕಟ ಯಾವಾಗಲೋ ಕರಗಿತು. ಇದು ಕರಗಿಲ್ಲ.

ಅದಕ್ಕೇ ನಿನ್ನ ಆ ಮಾತು ನನ್ನನ್ನು ಇಷ್ಟು ಅಲ್ಲಾಡಿಸಿದ್ದು. ನಿನಗೆ ಡಾಕ್ಟರ್ ಸೀಟು ಸಿಗಲಿಲ್ಲ ಅನ್ನುವುದು ನನ್ನ ಚಿಂತೆ ಅಲ್ಲವೇ ಅಲ್ಲ. ಅದು ಸಿಗಲಿಲ್ಲ ಅಂತ ಈಗ ಇರುವುದಕ್ಕೆ ಬೆನ್ನು ತಿರುಗಿಸಿ ಕೂರುತ್ತೀಯೋ ಅನ್ನುವುದು.

ಪೌಲನ ಪ್ರಯಾಣ ಭಾನುವಾರ ಶಾಲೆಯಲ್ಲಿ ನಿನಗೆ ನಾನೇ ಹೇಳಿಕೊಟ್ಟದ್ದು, ನಕ್ಷೆ ಬರೆಸಿದ್ದೂ ನಾನೇ. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ತೆಗೆದು ನೋಡು. ಆಸ್ಯ ಸೀಮೆಯಲ್ಲಿ ಸಾರಬೇಕು ಅಂತಿದ್ದ, ಅಲ್ಲಿ ತಡೆ. ಬಿಥೂನ್ಯಕ್ಕೆ ಹೋಗಲು ಪ್ರಯತ್ನಪಟ್ಟ, ಅಲ್ಲೂ ತಡೆ. ನಡೆದು ನಡೆದು ಸಮುದ್ರದ ದಂಡೆಯ ತ್ರೋವಕ್ಕೆ ಬಂದ ಮೇಲೆ ಮಕೆದೋನ್ಯದ ಮನುಷ್ಯನ ದರ್ಶನವಾಯಿತು. ಆಚೆ ದಾಟಿ ಫಿಲಿಪ್ಪಿಗೆ ಹೋದರೆ ಅಲ್ಲಿ ಮೊದಲು ಕಿವಿಗೊಟ್ಟವಳು ಬಟ್ಟೆ ವ್ಯಾಪಾರ ಮಾಡುವ ಲುದ್ಯಳು. ಪಾಠ ಮಾಡುವಾಗ ನಾನು ದರ್ಶನವನ್ನೇ ದೊಡ್ಡದಾಗಿ ಹೇಳುತ್ತಿದ್ದೆ, ಮುಚ್ಚಿದ ಎರಡು ದಾರಿಗಳನ್ನು ಬೇಗ ದಾಟಿಸಿಬಿಡುತ್ತಿದ್ದೆ. ಅಷ್ಟು ದೊಡ್ಡ ಅಪೊಸ್ತಲನಿಗೇ ಎರಡು ಸಲ ಲೆಕ್ಕ ತಪ್ಪಿತ್ತು, ನೋಡು.

ನಮ್ಮವರ ಕಥೆಯೇ ತಗೋ. ನಿನ್ನ ಮುತ್ತಜ್ಜ ಹೆಂಚಿನ ಕಾರ್ಖಾನೆಯಲ್ಲಿ ದುಡಿದದ್ದು ನಿನಗೆ ಗೊತ್ತು. ಅದನ್ನು ಶುರುಮಾಡಿದ ಪ್ಲೆಬ್ಸ್ಟ್ ಸಾಹೇಬರು ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದದ್ದು ಅಚ್ಚುಕೂಟದ ಕೆಲಸಕ್ಕೆ. ಕನ್ನಡದ ಅಚ್ಚಿನ ಮೊಳೆಗಳನ್ನು ಸುಧಾರಿಸುತ್ತಿದ್ದವರು. ಹೊಸದಾಗಿ ಸಭೆಗೆ ಸೇರಿದವರಿಗೆ ಜಾತಿ ಬಿಟ್ಟದ್ದಕ್ಕೆ ಕಸುಬೂ ಹೋಗಿತ್ತು, ಗದ್ದೆಯೂ ಹೋಗಿತ್ತು. ಪ್ರಸಂಗ ಕೇಳಿದರೆ ಹೊಟ್ಟೆ ತುಂಬುತ್ತದಾ? ಪ್ಲೆಬ್ಸ್ಟ್ ನೇತ್ರಾವತಿಯ ದಂಡೆಯ ಜೇಡಿಮಣ್ಣು ಹಿಡಿದುಕೊಂಡು ಕೂತರು. 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾಯಿತು. ಕಿಟೆಲ್ ಸಾಹೇಬರದ್ದೂ ಹಾಗೆಯೇ. 1853ರಲ್ಲಿ ಸುವಾರ್ತೆ ಸಾರಲು ಬಂದವರು, 1894ರಲ್ಲಿ ಹೊರಬಂದದ್ದು ಕನ್ನಡದ ನಿಘಂಟು. ಇವರಿಬ್ಬರ ಕೈಗೂ ಬಂದ ವರ್ಷ ಒಂದೊಂದು ಹಾಳೆ ಕೊಟ್ಟು ಉದ್ದೇಶ ಬರೆಯಿರಿ ಅಂದಿದ್ದರೆ ಹೆಂಚು ಅಂತಲೋ ನಿಘಂಟು ಅಂತಲೋ ಬರೆಯುತ್ತಿದ್ದರಾ?

ಅವರು ದೊಡ್ಡವರು, ನಾನೇನು ಅನ್ನುತ್ತೀಯ. ನನ್ನದೂ ಹೇಳುತ್ತೇನೆ, ಇದನ್ನು ಯಾರಿಗೂ ಹೇಳಿಲ್ಲ. ವಾರ್ಡಿನಲ್ಲಿ ಸುಟ್ಟಗಾಯದ ಡ್ರೆಸ್ಸಿಂಗ್ ಅಂದರೆ ಎಲ್ಲರಿಗೂ ಭಯ. ಅಂಟಿಕೊಂಡ ಗಾಜ್ ಬಟ್ಟೆ ಎಳೆದರೆ ರೋಗಿಯ ಕೂಗು ಗೇಟಿನವರೆಗೆ ಕೇಳುತ್ತಿತ್ತು. ನಾನು ಸಲೈನ್ ಹಾಕಿ ನೆನೆಸಿ, ಅವರ ಊರಿನ ಕೋಲ, ಕಂಬಳ ಏನಾದರೂ ಕೇಳುತ್ತಾ, ನಿಧಾನಕ್ಕೆ ಬಿಡಿಸುತ್ತಿದ್ದೆ. ಯಾರೂ ಕಲಿಸಿದ್ದಲ್ಲ, ಕೂಗು ಕೇಳಲಾರದೆ ಕಲಿತದ್ದು. ಬರಬರುತ್ತಾ ಬೇರೆ ವಾರ್ಡಿನವರೂ "ಸಿಸ್ಟರ್, ಸ್ವಲ್ಪ ಬಂದುಹೋಗಿ" ಅಂತ ಕರೆಯತೊಡಗಿದರು. ಊಟದ ಹೊತ್ತಿಗೆ ಕರೆದರೆ ಗೊಣಗುತ್ತಾ ಹೋಗುತ್ತಿದ್ದೆ. ರಾತ್ರಿ ಕೋಣೆಗೆ ಬಂದು ಮೊಣಕಾಲೂರಿ, ಕರ್ತನೇ ನನ್ನನ್ನು ಯಾವಾಗ ಕರೆಯುತ್ತೀ ಅಂತ ಕೇಳುತ್ತಿದ್ದೆ! ಬಾಲಕ ಸಮುವೇಲನೂ ಮೂರು ಸಲ ಮುದುಕ ಏಲಿಯ ಹತ್ತಿರ ಓಡಿದನಲ್ಲ, ನೀವು ಕರೆದಿರಿ ಅಂತ. ದೇವರ ಸ್ವರ ಅವನಿಗೆ ಮನೆಯ ಹಿರಿಯರ ಸ್ವರದ ಹಾಗೆ ಕೇಳಿಸಿತು. ನನಗೆ ಅದು ನಿವೃತ್ತಿ ಆದ ಮೇಲೆ ಹೊಳೆಯಿತು. ಇನ್ನೂ ಬೇಗ ಹೊಳೆಯಬಾರದಿತ್ತಾ?

ನೀನು ಬರೆದಿದ್ದೀಯ, "ಡಾಕ್ಟರಾಗಿ ಒಳಗೆ ಇರಬೇಕಾದವಳು ವಿಮೆ ಕೌಂಟರಿನ ಹಿಂದೆ ಕೂತಿದ್ದೇನೆ, ಅದೂ ಆಸ್ಪತ್ರೆಯಲ್ಲೇ, ದಿನಾ ನೋಡಿಕೊಂಡು." ಅದು ಉರಿಯುತ್ತದೆ, ಒಪ್ಪಿದೆ. ಆದರೆ ಅದೇ ಪತ್ರದ ಎರಡನೇ ಪುಟದಲ್ಲಿ ಆ ಅಜ್ಜನ ಸಂಗತಿ ಅಡ್ಡಮಾತಿನ ಹಾಗೆ ಬರೆದುಬಿಟ್ಟಿದ್ದೀಯ. ಬಿ.ಪಿ. 10 ತಿಂಗಳಿಂದ ಅಂತ ಇರಬೇಕಾದಲ್ಲಿ 10 ವರ್ಷ ಅಂತ ಬರೆದದ್ದಕ್ಕೆ, ವಿಮೆ ಮಾಡಿಸುವ ಮೊದಲೇ ಕಾಯಿಲೆ ಇತ್ತು ಅಂತ ಕ್ಲೇಮ್ ತಿರಸ್ಕಾರ ಆದದ್ದು, ಹಳೇ ಕೇಸ್ ಶೀಟು ಹುಡುಕಿ, ಡ್ಯೂಟಿ ಮುಗಿದ ಮೇಲೆ ಡಾಕ್ಟರ್ ಹಿಂದೆ ಓಡಾಡಿ ನೀನು ತಿದ್ದಿಸಿದ್ದು. ಒಂದು ಅಕ್ಷರದ ಕೆಲಸ ಅಂದಿದ್ದೀಯ. ಡಿಸ್ಚಾರ್ಜ್ ಆಗಿಯೂ ಬಿಲ್ಲು ಕಟ್ಟಲಾಗದೆ ಮಂಚದ ತುದಿಯಲ್ಲಿ ಕೂತಿರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೆಂಡತಿಯ ಬಳೆ ಬಿಚ್ಚುವುದನ್ನೂ ನೋಡಿದ್ದೇನೆ. ಅವರಿಗೆ ಆಗ ಬೇಕಾಗಿದ್ದದ್ದು ಇನ್ನೊಬ್ಬ ಡಾಕ್ಟರ್ ಅಲ್ಲ.

ಇದೇ ನಿನ್ನ ಕರೆ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಲು ನಾನು ಯಾರು? ನಾಳೆ ನೀನು ಆ ಕೆಲಸ ಬಿಡಬಹುದು, ಬಿಟ್ಟರೂ ಸರಿ. ಆದರೆ ಯಾರೂ ಹೇಳದೆ, ಸಂಬಳಕ್ಕೆ ಸೇರದೆ, ಹೊತ್ತು ಮೀರಿ ಕೂತು ಮಾಡಿದ ಕೆಲಸ ಯಾವುದು ಅಂತ ಮಾತ್ರ ಗಮನಿಸುತ್ತಿರು. ಬೇಕಾದರೆ ಬರೆದಿಡು, ಆದರೆ ಆ ಹಾಳೆಯಲ್ಲಿ ಬೇಡ.

ಇನ್ನೊಂದು. ನಿನಗೆ ಪುರುಸೊತ್ತು ಇದ್ದರೆ ಮಾತ್ರ. ನಿಮ್ಮ ಸಭೆಯಲ್ಲಿ ಮನೆಗೆಲಸಕ್ಕೆ ಹೋಗುವ ಹೆಂಗಸರು, ವಾಚ್‌ಮನ್‌ಗಳು ಇದ್ದಾರೆ ಅಂದಿದ್ದೆಯಲ್ಲ. ಬಿ.ಪಿ.ಎಲ್. ಕಾರ್ಡಿನ ಮನೆಗೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಕಾರ್ಡು ಮಾಡಿಸಿದವರಿಗೂ ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ ಅಂತ ಗೊತ್ತಿರುವುದಿಲ್ಲ. ಸೀದಾ ಖಾಸಗಿ ಆಸ್ಪತ್ರೆಗೆ ಹೋಗಿ ಸಾಲ ಮಾಡಿಕೊಳ್ಳುತ್ತಾರೆ. ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ ಒಂದು ಮೇಜು ಹಾಕಿಕೊಂಡು ಕೂತು ನೋಡು. ಒಂದೆರಡು ತಿಂಗಳು ಸಾಕು, ಬೇಜಾರಾದರೆ ನಿಲ್ಲಿಸಿಬಿಡು. ನಿಮ್ಮ ಸಭೆಯ ಅಯ್ಯನವರನ್ನು ಮೊದಲು ಕೇಳು, ಇಲ್ಲದಿದ್ದರೆ ಆಮೇಲೆ ಅದೊಂದು ರಗಳೆ. ಹೊರಗಿನಿಂದ ಕೂತು ಹೇಳುವುದು ಸುಲಭ ಅಂತ ನನಗೂ ಗೊತ್ತು.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಬಸ್ಸು ಹೋಯಿತು ಅನ್ನುವಾಗ ನೀನು ದೇವರನ್ನು ಎಂಥವನು ಅಂದುಕೊಂಡಿದ್ದೀಯ? ಹಿಂದೆ ಓಡಿಬರುವ ಹುಡುಗಿಯನ್ನು ಕನ್ನಡಿಯಲ್ಲಿ ನೋಡಿಯೂ ನಿಲ್ಲಿಸದೆ ಹೋಗುವ ಡ್ರೈವರಾ? ಪ್ರಾರ್ಥನೆ ಮಾಡುವಾಗ ಅಂಥವನ ಹತ್ತಿರ ನೀನು ಏನು ಮಾತಾಡುತ್ತೀಯ? ನನಗೆ ಹೆದರಿಕೆ ಆಗುವುದು ಅಲ್ಲಿ. ಪರೀಕ್ಷೆಯ ಅಂಕ ಕಡಿಮೆ ಆಗಿದ್ದಕ್ಕೆ ಮುಖ ತಿರುಗಿಸುವವನಾಗಿದ್ದರೆ, ಅಮ್ಮನ ಮಂಚದ ಪಕ್ಕ ಗಂಟು ಮುಖ ಹಾಕಿಕೊಂಡಿದ್ದ ನನ್ನನ್ನು ಇಷ್ಟು ದಿನ ಹೇಗೆ ಸಹಿಸಿಕೊಂಡ?

ರಾತ್ರಿ ನಿದ್ದೆ ಸರಿಯಾಗಿ ಬರುತ್ತಿಲ್ಲ ಅಂತಲೂ ಬರೆದಿದ್ದೀಯ. ಅದಕ್ಕೆ ಬರೀ ಪ್ರಾರ್ಥನೆ ಮಾಡುತ್ತಾ ಕೂರಬೇಡ. ಅಲ್ಲೇ ಆಸ್ಪತ್ರೆಯಲ್ಲಿ ಇದ್ದೀಯ, ಒಬ್ಬ ಡಾಕ್ಟರಿಗೆ ತೋರಿಸು. ಇದನ್ನು ಅತ್ತೆಯಾಗಿ ಅಲ್ಲ, ನರ್ಸಾಗಿ ಹೇಳುತ್ತಿದ್ದೇನೆ. ಗುಂಪಿಗೆ ಹೋಗುವುದು ಕಷ್ಟವಾದರೆ ಸ್ವಲ್ಪ ದಿನ ಬಿಡು, ದೇವರು ಹಾಜರಿ ತೆಗೆಯುವುದಿಲ್ಲ. ಹಾಗಂತ ನಾನು ಹೇಳಿದೆ ಅಂತ ನಿನ್ನಮ್ಮನಿಗೆ ಹೇಳಬೇಡ.

ಅಂದಹಾಗೆ, ತಿದ್ದಿಸಿ ಕಳಿಸಿದ ಮೇಲೆ ಆ ಅಜ್ಜನ ಹಣ ಬಂತಾ? ಅದನ್ನು ಬರೆದೇ ಇಲ್ಲ. ಮುಂದಿನ ಪತ್ರದಲ್ಲಿ ಮೊದಲು ಅದನ್ನು ಬರಿ.

ನಿನ್ನ
ಅತ್ತೆ