ಮಡಿಕೇರಿಯ ಮಳೆಗೊಂದು ಡಬಲ್ ಬೇಸ್

ಪ್ರೀತಿಯ ಗೆಳೆಯಾ,

ಡಬಲ್ ಬೇಸ್, ಅದೇ ನಿಂತು ನುಡಿಸುವ ಆಳೆತ್ತರದ ಪಿಟೀಲಿನಂಥ ವಾದ್ಯ, ಕೊಳ್ಳುವ ಮಾತೆತ್ತಿದ್ದೀಯ. ನಿಮ್ಮೂರ ಮಳೆಗೆ ಪ್ಲೈವುಡ್‌ನದೇ ವಾಸಿ. ಅಪ್ಪಟ ಸ್ಪ್ರೂಸ್ ಹಲಗೆಯ ನಾದ ಚೆಂದ, ಒಪ್ಪಿದೆ. ಆದರೆ ಅದು ಜೂನ್‌ನಲ್ಲಿ ತೇವ ಹೀರಿ ಉಬ್ಬುತ್ತೆ, ಕಾಫಿ ಕುಯ್ಲಿನ ಹೊತ್ತಿಗೆ ಒಣಗಿ ಕುಗ್ಗುತ್ತೆ. ಉಬ್ಬಿದಾಗ ಬ್ರಿಜ್ (ತಂತಿ ಹೊರುವ ಮರದ ಕುದುರೆ) ಸಮೇತ ತಂತಿ ಮೇಲೇರಿ ಬೆರಳು ಸೋಲುತ್ತೆ. ಕುಗ್ಗಿದಾಗ ಅಂಟು ಬಿಟ್ಟು ಅಂಚು ಬಾಯಿ ತೆರೆಯುತ್ತೆ, ಹಲಗೆ ಸೀಳಿದರೂ ಸೀಳಿತು. ಪ್ಲೈವುಡ್ ಇಷ್ಟೊಂದು ಹಟ ಮಾಡಲ್ಲ. ಆದರೂ ತಂತಿಯ ಎತ್ತರ ಏರಿಸಿ ಇಳಿಸೋಕೆ ಬ್ರಿಜ್ ಕಾಲಿಗೆ ತಿರುಗಿಸುವ ಚಕ್ರ ಹಾಕಿಸಿಬಿಡು. ಬೆರಳುಪಟ್ಟಿಯ ತುದಿಯಲ್ಲಿ ತೆಳುವಾದ ಜಿ ತಂತಿ 6 ಮಿ.ಮೀ., ದಪ್ಪನೆಯ ಇ ತಂತಿ 9 ಮಿ.ಮೀ. ಆಸುಪಾಸು ಎತ್ತರದಲ್ಲಿದ್ದರೆ ಜಾಝ್‌ಗೆ ಸರಿ.

ಸಾಗಿಸುವಾಗ ನಾಲ್ಕೂ ತಂತಿಗಳನ್ನು ಒಟ್ಟಿಗೆ ಸಡಿಲಿಸಬೇಡ ಮಾರಾಯ. ಒಳಗಿನ ಸೌಂಡ್‌ಪೋಸ್ಟ್ ಅನ್ನೋ ಮರದ ಗೂಟ ಅಂಟಿಸಿದ್ದಲ್ಲ, ಒತ್ತಡಕ್ಕೇ ನಿಂತಿರೋದು. ಅದು ಬಿದ್ದರೆ ಕೂರಿಸೋಕೆ ಕಸುಬುದಾರನೇ ಬೇಕು. ಮೈಸೂರಿಗೆ ಸುಮಾರು 120 ಕಿ.ಮೀ. ಬಸ್ಸಲ್ಲಿ ಹೋಗೋದಿದ್ದರೆ ಎಲೆಕ್ಟ್ರಿಕ್ ಬೇಸ್ ಹೆಗಲಿಗೇರಿಸು. ಶ್ರುತಿ ಅದೇ ಇ-ಎ-ಡಿ-ಜಿ.

ಇನ್ನು ಕಸುಬಿನ ವಿಷಯ. ಬೇಸ್‌ನವನನ್ನು ಮತ್ತೆ ಕರೆಯೋದು ಸೋಲೋ ಕೇಳೋಕಲ್ಲ; ಲಯ ಅಲುಗದೆ, ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬರೆದ ಚೀಟಿ ನೋಡಿದ ಕೂಡಲೇ ನುಡಿಸ್ತಾನೆ ಅಂತ. ನಿಮ್ಮಲ್ಲಿ ದುಡಿ ಅನ್ನೋ ಪುಟ್ಟ ಚರ್ಮವಾದ್ಯ ಬಡಿಯುತ್ತಲೇ ಪಾಟ್, ಅಂದರೆ ಕೊಡವ ಹಾಡು, ಹಾಡುವವರನ್ನು ಗಮನಿಸು. ಬಾಯಿ ಎಲ್ಲಿಗೆ ಹೋದರೂ ಕೈ ಜಾಗ ಬಿಡಲ್ಲ. ಬೇಕಾದ್ದು ಅದೇ.

ಪಾಠ ಹೇಳೋದು ಎರಡನೇ ದರ್ಜೆಯ ಕೆಲಸ ಅನ್ನೋ ಮಾತು ಬಿಡು. 1963ರಿಂದ 68ರವರೆಗೆ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜತೆ ಬೇಸ್ ನುಡಿಸಿದ ರಾನ್ ಕಾರ್ಟರ್ ಮುಂದೆ ನ್ಯೂಯಾರ್ಕ್‌ನ ಸಿಟಿ ಕಾಲೇಜಿನಲ್ಲಿ ಪಾಠ ಮಾಡಿದವರು. ಕಛೇರಿ ಇಲ್ಲದ ತಿಂಗಳಲ್ಲೂ ಅಡುಗೆಮನೆ ನಡೆಸೋದು ಪಾಠವೇ.

ಶಿಷ್ಯನ ಮೊದಲ ಪಾಠಕ್ಕೆ 12 ಬಾರ್‌ಗಳ ಎಫ್ ಬ್ಲೂಸ್ ಸಾಕು; ಬಾರ್ ಅಂದರೆ ಇಲ್ಲಿ ನಾಲ್ಕು ಎಣಿಕೆಯ ಸುತ್ತು. ನಾಲ್ಕನೇ ಬಾರ್‌ನ ಕಾರ್ಡ್ ಎಫ್7, ಐದನೆಯದರದ್ದು ಬಿ ಫ್ಲಾಟ್7. ನಾಲ್ಕು ಎಣಿಕೆಗೆ ಎಫ್, ಎ, ಸಿ, ಬಿ ನುಡಿಸಿದರೆ ಮುಂದಿನ ಒಂದನೇ ಎಣಿಕೆಗೆ ಬಿ ಫ್ಲಾಟ್ ಅರ್ಧ ಸ್ವರ ಕೆಳಗೆ ಕಾದಿರುತ್ತೆ. ಈ ಕೊನೇ ಸ್ವರದ ಜಾರು ಸಿಕ್ಕರೆ ವಾಕಿಂಗ್ ಬೇಸ್, ಅಂದರೆ ಎಣಿಕೆಗೊಂದು ಸ್ವರದಂತೆ ನಡೆಯುವ ಬೇಸ್, ಅರ್ಧ ಬಂದ ಹಾಗೆ. ತಾಳ ಹಾಕುವ ಯಂತ್ರ ಮೆಟ್ರೊನೋಮನ್ನು ನಿಮಿಷಕ್ಕೆ 60 ಟಿಕ್‌ಗಿಟ್ಟು, ಅದರ ಟಿಕ್‌ಗಳನ್ನು ಶಿಷ್ಯ ಎರಡು, ನಾಲ್ಕನೇ ಎಣಿಕೆ ಅಂತ ಕೇಳಿಸಿಕೊಳ್ಳಲಿ. ವೇಗ 120 ಆಗುತ್ತೆ. ಶುರುವಿನಲ್ಲಿ ಎಲ್ಲರೂ ಟಿಕ್ಕನ್ನು ಒಂದಕ್ಕೇ ಎಳೆದುಕೊಳ್ತಾರೆ. ಆಗ ವಾದ್ಯ ಕೆಳಗಿಡಿಸಿ ಚಪ್ಪಾಳೆ ಹಾಕಿಸು.

ಮೀಟೋದು ಬೆರಳ ತುದಿಯಿಂದಲ್ಲ, ತೋರುಬೆರಳ ಪಕ್ಕದಿಂದ, ತೋಳಿನ ಭಾರ ಬಿಟ್ಟು. ಎಡಗೈ ಹೆಬ್ಬೆರಳು ಕತ್ತನ್ನು ಹಿಚುಕಿದರೆ ಅರ್ಧ ಗಂಟೆಗೇ ಮಣಿಕಟ್ಟು ನೋಯುತ್ತೆ. ಸ್ವರ ತುಂಡಾಗಿ ಕೇಳಿದರೆ ಬಲಗೈಯನ್ನು ಬೈಯಬೇಡ, ಎಡಗೈ ಬೇಗ ಬಿಡ್ತಿರೋದು ಅದು.

12 ಬಾರ್ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕಳಿಸು. ಡ್ರಮ್ಸ್ ಹಾಕಬೇಡ.

ಇಂತಿ ನಿನ್ನ ಗೆಳೆಯ